ಬಿಳಿಯಮ್ಮ ನಿಂತ ಜಾಗ

ಪತ್ರಿಕೆ ಆಫೀಸಿನಲ್ಲಿ ಅವನನ್ನು ಎಲ್ಲರೂ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವನೂ ಆ ಹೆಸರಿಗೆ ಓಗೊಡುವುದನ್ನು ರೂಢಿ ಮಾಡಿಕೊಂಡಿದ್ದ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಅದೇನೂ ಸುಳ್ಳಲ್ಲ. ನಿಬ್ಬು ಕಾಗದಕ್ಕೆ ಸಿಕ್ಕಿಕೊಂಡರೆ ನಿಬ್ಬನ್ನು ಬೈಯುತ್ತಿದ್ದ, ಕಾಗದವನ್ನು ಬೈಯುತ್ತಿದ್ದ, ಕಾಗದ ಮಾರಿದವನ ವಂಶವನ್ನೇ ಬೈಯುತ್ತಿದ್ದ. ಆದರೆ ಕೈ ಮಾತ್ರ ಬಂಗಾರ. ಲೇಖನ ಎಷ್ಟೇ ಸಪ್ಪೆಯಾಗಿರಲಿ, ಅದರ ನೆತ್ತಿಯ ಮೇಲೆ ಇವನ ಚಿತ್ರ ಬಂದು ಕೂತಿತೆಂದರೆ ಪುಟ ತಿರುಗಿಸುವ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು.

ಚಿತ್ರ ಶುರುಮಾಡುವ ಮುಂಚೆ ಅವನದೊಂದು ಪದ್ಧತಿ. ಖಾಲಿ ಕಾಗದದ ಕೆಳಗಡೆ ಪೆನ್ಸಿಲಿನಲ್ಲಿ ಸಣ್ಣದೊಂದು ಕತ್ತರಿ ಗುರುತು ಹಾಕುತ್ತಿದ್ದ. ಚಿತ್ರ ನೋಡುವವನು ನಿಂತಿರುವ ಜಾಗ ಅದು. ಅಲ್ಲಿಂದ ಏನು ಕಾಣುತ್ತದೋ ಅದನ್ನು ಬರೆಯುವುದು, ಕೊನೆಗೆ ಗುರುತು ಅಳಿಸುವುದು. “ಕಣ್ಣು ಎಲ್ಲಿದೆ ಅಂತ ಗೊತ್ತಿಲ್ಲದೆ ಗೆರೆ ಎಳೆದ್ರೆ ಅದು ಚಿತ್ರ ಅಲ್ಲ, ಗೋಡೆ ಮೇಲಿನ ಕಲೆ” ಎಂದು ಹೊಸಬರ ಮೇಲೆ ರೇಗುತ್ತಿದ್ದ.

ಮನೆಯಲ್ಲಿ ಅಕ್ಕ-ತಮ್ಮ ಇಬ್ಬರೇ. ಇವನ ಸಿಟ್ಟು ನೋಡಿ ಹೆಣ್ಣು ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಅಕ್ಕನ ಕಥೆ ಬೇರೆ. ಮದುವೆ ಗೊತ್ತಾದ ಮೇಲೆ ತುಟಿಯ ಪಕ್ಕ ಸಾಸಿವೆಯಷ್ಟು ಬಿಳಿ ಕಾಣಿಸಿಕೊಂಡಿತು. ಗಂಡಿನ ಕಡೆಯವರು ತೊನ್ನು ಎಂಬ ಮಾತನ್ನು ಬಾಯಲ್ಲಿ ಕೂಡ ಆಡಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಸಾಸಿವೆ ಕಾಸಗಲವಾಯಿತು, ಮುಖಕ್ಕೆ, ಕತ್ತಿಗೆ, ಕೈಗಳಿಗೆ ಹರಡಿತು. ನೋವಿಲ್ಲ, ಅಂಟುವುದಿಲ್ಲ, ಯಾರಿಗೂ ಏನೂ ಮಾಡುವುದಿಲ್ಲ. ಬಿಸಿಲು ಬಿದ್ದರೆ ಮಾತ್ರ ಆ ಬಿಳಿ ಚರ್ಮ ಬೆಂದು ಬೊಬ್ಬೆ ಏಳುತ್ತಿತ್ತು. ಹಾಗಾಗಿ ಅಕ್ಕ ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಕೂತು ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಾಕುತ್ತಿದ್ದಳು. ಸಂಜೆ ಬಿಸಿಲಿಳಿದ ಮೇಲೆ ಅಂಗಿಗಳನ್ನು ಚೀಲಕ್ಕೆ ತುಂಬಿ, ರಬ್ಬರ್ ಚಪ್ಪಲಿ ಮೆಟ್ಟಿ, ಪಡುವಣದ ಕೆಂಪು ಬಿಸಿಲು ಮುಖಕ್ಕೆ ಹೊಡೆಯದಂತೆ ಕಪ್ಪು ಛತ್ರಿ ಬಿಚ್ಚಿಕೊಂಡು, ನೀರಿನ ಟ್ಯಾಂಕಿನ ಬೀದಿಯ ಆ ತುದಿಯ ಅಂಗಡಿಗೆ ನಡೆದುಹೋಗಿ ಕೊಟ್ಟು ಬರುತ್ತಿದ್ದಳು. ಮೂವತ್ತು ವರ್ಷದಿಂದ ಅದೇ ಬೀದಿ, ಅದೇ ಹೊತ್ತು. ಅವಳಿಗೆ ಲೋಕ ಅಂತ ಇದ್ದದ್ದು ಅದೊಂದೇ ನಡಿಗೆ.

ಒಂದು ದಿನ ಪುರವಣಿಯ ಸಂಪಾದಕ ಮೆಣಸಿನಕಾಯಿಯ ಮೇಜಿನ ಮೇಲೆ ಲೇಖನವೊಂದನ್ನು ತಂದು ಹಾಕಿದ. ಊರಿನ ಬಾಯಿಂದ ಬಾಯಿಗೆ ಹರಿದಾಡುವ ಕಥೆಗಳ ಮೇಲೆ ಭಾನುವಾರಕ್ಕೆ ಒಂದು ಪುಟ. ಅರ್ಧ ಪುಟ ಚಿತ್ರಕ್ಕೇ ಬಿಟ್ಟಿದ್ದೇನೆ, ಓದುವವರ ಎದೆ ಝಲ್ಲೆನ್ನಬೇಕು ಎಂದ. ಮೆಣಸಿನಕಾಯಿ ಕನ್ನಡಕ ಏರಿಸಿ ಓದತೊಡಗಿದ.

ನೀರಿನ ಟ್ಯಾಂಕಿನ ಬೀದಿಯ ಬಿಳಿಯಮ್ಮ ಎಂದಿತ್ತು ತಲೆಬರಹ. ಸಂಜೆಗತ್ತಲಲ್ಲಿ ಬರುತ್ತಾಳೆ. ಮಳೆಯಿಲ್ಲದಿದ್ದರೂ ಕಪ್ಪು ಛತ್ರಿ ಹಿಡಿದಿರುತ್ತಾಳೆ. ಹೆಜ್ಜೆ ಸಪ್ಪಳವಿಲ್ಲ, ಕಾಲು ನೆಲಕ್ಕೆ ತಾಗುವುದೇ ಇಲ್ಲ. ಚೀಲದಲ್ಲಿ ಸತ್ತವರ ಬಟ್ಟೆ. ಅವಳ ಕೈ ಸೋಕಿದರೆ ಸೋಕಿದ ಜಾಗ ಬೆಳ್ಳಗಾಗಿ ಆರು ತಿಂಗಳಲ್ಲಿ ಪ್ರಾಣ ಹೋಗುತ್ತದೆ.

ಮೊದಲ ಸಲ ಓದಿದಾಗ ಅವನಿಗೆ ನಗು ಬಂತು. ಎರಡನೇ ಸಲ ಛತ್ರಿಯ ಹತ್ತಿರ ಕಣ್ಣು ನಿಂತಿತು. ಅಲ್ಲಿಂದ ಚೀಲಕ್ಕೆ ಹೋಯಿತು, ಚೀಲದಿಂದ ಸಪ್ಪಳವಿಲ್ಲದ ಹೆಜ್ಜೆಗೆ. ರಬ್ಬರ್ ಚಪ್ಪಲಿ ಎಲ್ಲಿ ಸಪ್ಪಳ ಮಾಡುತ್ತದೆ? ಅವನ ಪಿತ್ತ ನೆತ್ತಿಗೇರಿತು.

ಕಣ್ಣಾರೆ ಕಂಡವರ ಮಾತುಗಳೂ ಇದ್ದವು, ಹೆಸರಿಲ್ಲದೆ. ನಿವೃತ್ತ ಮೇಷ್ಟ್ರೊಬ್ಬರು ಬಿಳಿಯಮ್ಮ ಗೇಟಿನ ಮುಂದೆ ಗಾಳಿಯಲ್ಲಿ ತೇಲಿದ್ದನ್ನು ಕಂಡಿದ್ದರಂತೆ. ಔಷಧಿ ಅಂಗಡಿಯವನೊಬ್ಬ ಅವಳನ್ನು ಕಂಡ ರಾತ್ರಿ ಜ್ವರ ಬಂದು ಮಲಗಿದ್ದನಂತೆ. ಮಹಡಿ ಮನೆಯ ಹೆಂಗಸೊಬ್ಬಳು ಮಕ್ಕಳನ್ನು ಸಂಜೆ ಒಳಗೆ ಕೂಡಿಹಾಕುತ್ತಾಳಂತೆ. ಅಲ್ಲಾ, ಇವರೇನು ನಿನ್ನೆ ಮೊನ್ನೆ ಬಂದವರೇ? ಮೇಷ್ಟ್ರ ಅಂಗಿಗಳಿಗೆಲ್ಲ ಗುಂಡಿ ಹಾಕಿದ್ದು ಯಾರು? ಅಕ್ಕನ ಬೊಬ್ಬೆಗೆ ಮುಲಾಮು ಕೊಡುತ್ತಿದ್ದವನು ಅದೇ ಔಷಧಿ ಅಂಗಡಿಯವನಲ್ಲವೇ? ಗೊತ್ತಿಲ್ಲದೆ ಹೆದರಿದವರನ್ನು ಕ್ಷಮಿಸಬಹುದು. ಗೊತ್ತಿದ್ದೂ ಗೊತ್ತಿದ್ದೂ ರೈಲು ಬಿಟ್ಟವರಿಗೆ ಏನು ಮಾಡಬೇಕು?

“ನಾನು ಬರೆಯಲ್ಲ” ಎಂದ.

ಸಂಪಾದಕ ಕೆಟ್ಟವನೇನಲ್ಲ, ಅವಸರದವನು. “ಬಿಡಪ್ಪ, ನೀನು ಬರೀದಿದ್ರೆ ಕಂಪ್ಯೂಟರ್‌ಗೆ ಹೇಳ್ತೀನಿ. ಬಿಳಿ ಮುಖ, ಬಿಚ್ಚಿದ ಕೂದಲು, ಕೆಂಪು ಕಣ್ಣು. ಕಾಫಿ ಕುಡಿದು ಮುಗಿಸೋದ್ರೊಳಗೆ ಬಂದಿರುತ್ತೆ.”

ಅದು ನಮ್ಮಕ್ಕ ಕಣಯ್ಯ ಎನ್ನುವ ಮಾತು ಮೆಣಸಿನಕಾಯಿಯ ಗಂಟಲವರೆಗೆ ಬಂತು. ಬಾಯಿಬಿಟ್ಟರೆ ಮುಗಿಯಿತು, ನಾಳೆ ಅಕ್ಕನ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಾರೆ, ಅದೂ ಒಂದು ಲೇಖನವಾಗುತ್ತದೆ. ಬರೆಯದಿದ್ದರೆ ಕೆಂಪು ಕಣ್ಣಿನ ಪಿಶಾಚಿ ಅಚ್ಚಾಗುತ್ತದೆ. ಆಮೇಲೆ ಯಾವ ಸಂಜೆ ಯಾರು ಕಲ್ಲು ಹೊಡೆಯುತ್ತಾರೋ ಯಾರಿಗೆ ಗೊತ್ತು. ಹಲ್ಲು ಕಚ್ಚಿಕೊಂಡು ಲೇಖನವನ್ನು ಮಡಚಿ ಜೇಬಿಗೆ ಹಾಕಿಕೊಂಡ. “ನಾನೇ ಬರೀತೀನಿ. ಬೇರೆ ಯಾರೂ ಮುಟ್ಟಬೇಡಿ” ಎಂದ.

ಮನೆಗೆ ಬಂದವನೇ ಬಾಗಿಲನ್ನು ಗೋಡೆಗೆ ಬಡಿದ. ಅಕ್ಕ ದಾರವನ್ನು ಹಲ್ಲಿನಿಂದ ಕಡಿದು ತಲೆಯೆತ್ತಿದಳು. ಅವನು ಲೇಖನವನ್ನು ಅವಳ ಮುಂದೆ ಎಸೆದು, ಬೀದಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಉಗಿಯಲು ಶುರುಮಾಡಿದ. ಅಕ್ಕ ಪೂರ್ತಿ ಓದಿ, ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿಟ್ಟಳು.

“ಗೊತ್ತು ಬಿಡು” ಎಂದಳು.

“ಗೊತ್ತಾ? ಯಾವಾಗಿಂದ?”

“ಎರಡು ವರ್ಷ ಆಯ್ತು. ಮಕ್ಕಳು ಕೂಗಿ ಓಡ್ತಿದ್ವು. ಆಮೇಲೆ ದೊಡ್ಡೋರು ಕಿಟಕಿ ಹಾಕೋಕೆ ಶುರುಮಾಡಿದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನ್ ಮಾಡ್ತಿದ್ದೆ? ಬೀದೀಲಿ ನಿಂತು ಕೂಗಾಡ್ತಿದ್ದೆ. ಬಿಳಿಯಮ್ಮಂಗೆ ಒಬ್ಬ ಹುಚ್ಚು ತಮ್ಮ ಬೇರೆ ಇದಾನೆ ಅಂತ ಅದನ್ನೂ ಕಥೆಗೆ ಸೇರಿಸ್ಕೊಳ್ತಿದ್ರು.”

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಅವಳದು ತಮ್ಮನಂತೆ ಸಿಡಿಯುವ ಸಿಟ್ಟಲ್ಲ, ಒಳಗೊಳಗೇ ಕಾಯುವ ಸಿಟ್ಟು.

“ಇದನ್ನ ಬರೆದ ಪೇಪರ್ ಹುಡುಗ ಟೈಲರ್ ಹತ್ರಾನೂ ಹೋಗಿ ಕೇಳಿದಾನಂತೆ. ಪೇಪರಲ್ಲಿ ಬಂದ ಮೇಲೆ ನೀವು ಅಂಗಡಿ ಕಡೆ ಬರೋದು ಬೇಡ, ಗಿರಾಕಿ ಹೆದರ್ತಾರೆ, ನಾನೇ ಮನೆಗೆ ಬಂದು ಚೀಲ ತಗೊಂಡು ಹೋಗ್ತೀನಿ ಅಂದ ಟೈಲರ್. ಉಪಕಾರ ಮಾಡೋನ ಥರ ಹೇಳಿದ. ಈ ಕೋಣೇಲಿ ಹಗಲೆಲ್ಲ ಕೂತಿರ್ತೀನಲ್ಲ, ಯಾತಕ್ಕೆ ಕೂತಿರ್ತೀನಿ ಗೊತ್ತಾ? ಸಂಜೆ ಆಗುತ್ತೆ, ಹೊರಗೆ ಹೋಗ್ತೀನಿ ಅಂತ. ಅದನ್ನೂ ಕಿತ್ಕೊಂಡ್ರೆ ನಾನು ನಿಜವಾಗ್ಲೂ ದೆವ್ವಾನೇ ಆಗ್ತೀನಿ.”

ಹೊರಗೆ ಬಿಸಿಲು ಇಳಿದಿತ್ತು. ಅಕ್ಕ ಅಂಗಿಗಳನ್ನು ಚೀಲಕ್ಕೆ ತುಂಬಿ ಎದ್ದಳು. ಇವನೂ ಎದ್ದ. “ನೀನೆಲ್ಲಿಗೆ?” ಎಂದಳು. “ನಿನ್ನ ಜೊತೆಗೆ” ಎಂದ. ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಒಂದು ಸಂಜೆಯೂ ಜೊತೆಗೆ ಹೋಗಿರಲಿಲ್ಲವಲ್ಲ ಎಂಬುದು ಗೇಟು ದಾಟುವಾಗ ಅವನಿಗೆ ಹೊಳೆಯಿತು, ಹೊಳೆದು ತನ್ನ ಮೇಲೂ ಸಿಟ್ಟು ಬಂತು.

ಅವನು ಅವಳ ಹೆಗಲ ಹಿಂದೆಯೇ ನಡೆದ. ಬೀದಿ ಅವನಿಗೆ ಗೊತ್ತಿದ್ದ ಬೀದಿಯೇ, ಆದರೆ ಹೀಗೆ ಎಂದೂ ಕಂಡಿರಲಿಲ್ಲ. ಔಷಧಿ ಅಂಗಡಿಯವನು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದವನು ಹಾಗೇ ನಿಂತು, ಬಾಯಿ ಅರ್ಧ ತೆರೆದು, ಬಾಟಲಿಗಳ ಸಂದಿಯಿಂದ ನೋಡಿದ. ಮಹಡಿಯ ಪರದೆ ಸರಿದು ಹೆಂಗಸಿನ ಒಂದೇ ಕಣ್ಣು, ಅದರ ಕೆಳಗೆ ಫೋನು ಹಿಡಿದ ಕೈ. ಮೇಷ್ಟ್ರು ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ, ಕತ್ತು ಉದ್ದ ಮಾಡಿ, ಕಣ್ಣು ಅಗಲ ಮಾಡಿ ನಿಂತಿದ್ದರು. ಮೊದಲು ಮುಖ, ಆಮೇಲೆ ಪಟ್ಟನೆ ಮುಚ್ಚಿಕೊಳ್ಳುವ ಕಿಟಕಿ. ಎಲ್ಲರ ಕಣ್ಣೂ ಅಕ್ಕನ ಮೇಲೆಯೇ, ಹಿಂದೆ ಇದ್ದ ಇವನು ಒಬ್ಬರಿಗೂ ಕಾಣಿಸಲಿಲ್ಲ. ಅಕ್ಕ ಮಾತ್ರ ಯಾರ ಕಡೆಗೂ ತಿರುಗದೆ, ಛತ್ರಿ ವಾಲಿಸದೆ, ನೆಟ್ಟಗೆ ನಡೆಯುತ್ತಿದ್ದಳು. ದಿನಾಲೂ ಇದನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಬಂದು ಊಟಕ್ಕೆ ಏಳೋ ಎಂದು ನನ್ನನ್ನು ಕರೆಯುತ್ತಿದ್ದಳಲ್ಲ ಎನಿಸಿತು ಅವನಿಗೆ.

ಟ್ಯಾಂಕಿನ ಕೆಳಗೆ ಬಂದಾಗ ತಟ್ಟನೆ ನಿಂತುಬಿಟ್ಟ. ಕತ್ತರಿ ಗುರುತು ಎಲ್ಲಿ ಹಾಕಬೇಕೆಂದು ಗೊತ್ತಾಗಿತ್ತು. ಇಷ್ಟು ದಿನ ಊರೆಲ್ಲ ತಾನು ನಿಂತ ಜಾಗದಿಂದ ದೆವ್ವವನ್ನು ನೋಡಿದೆ. ಅವಳು ನಿಂತ ಜಾಗದಿಂದ ಊರು ಹೇಗೆ ಕಾಣುತ್ತದೆ ಎಂದು ಒಬ್ಬನಾದರೂ ನೋಡಿದ್ದಾನೆಯೇ?

“ಅಕ್ಕ, ನಿನ್ನ ಕೈ ಬರೀಲಾ?” ಎಂದು ಮನೆಗೆ ಬಂದ ಮೇಲೆ ಕೇಳಿದ. ಅಂಥ ಮೆಣಸಿನಕಾಯಿಯ ದನಿ ಅಷ್ಟು ಮೆತ್ತಗಾಗಿದ್ದನ್ನು ಅವಳೂ ಕೇಳಿರಲಿಲ್ಲ.

ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲೆ, ದೀಪದ ಕೆಳಗೆ ಚಾಚಿದಳು. “ಬರಿ. ಎಲ್ಲಿ ಬಿಳಿ ಇದೆಯೋ ಅಲ್ಲಿ ಬಿಳೀನೇ ಬಿಡು. ತಿದ್ದೋಕೆ ಹೋಗ್ಬೇಡ.”

ಅವನು ತಿದ್ದಲಿಲ್ಲ. ಚಿತ್ರದ ಕೆಳಗಡೆ, ಓದುಗನ ಸ್ವಂತ ಕೈಗಳೋ ಎನ್ನುವ ಹಾಗೆ ಎರಡು ಕೈಗಳು: ಒಂದರಲ್ಲಿ ಛತ್ರಿಯ ಹಿಡಿ, ಇನ್ನೊಂದರಲ್ಲಿ ಚೀಲ. ಚೀಲದ ಬಾಯಿಂದ ಒಂದು ಅಂಗಿಯ ತೋಳು ಇಣುಕುತ್ತಿದೆ, ತುದಿಯಲ್ಲಿ ಗುಂಡಿ. ಮುಂದೆ ಉದ್ದಕ್ಕೂ ಬೀದಿ. ಎರಡೂ ಬದಿಯ ಕಿಟಕಿ, ಗೇಟು, ಬಾಗಿಲ ಸಂದುಗಳಿಂದ ನುಗ್ಗಿ ಬರುತ್ತಿರುವ ಮುಖಗಳು, ಕಣ್ಣುಗಳು, ಫೋನುಗಳು. ಸಿಟ್ಟಿನ ಭರದಲ್ಲಿ ಹಲ್ಲು ಉದ್ದ ಮಾಡೋಣ, ಕೋರೆ ಇಡೋಣ ಎಂದು ಕೈ ತುರಿಸಿತು. ಬೇಡವೆಂದು ತಡೆದುಕೊಂಡ. ಕಂಡದ್ದಕ್ಕಿಂತ ಒಂದು ಗೆರೆಯೂ ಹೆಚ್ಚು ಹಾಕಲಿಲ್ಲ, ಇದ್ದದ್ದೇ ಸಾಕಷ್ಟಿತ್ತು.

ಸಂಪಾದಕ ಚಿತ್ರವನ್ನು ಆಚೆ ಈಚೆ ತಿರುಗಿಸಿ ನೋಡಿದ. “ದೆವ್ವ ಎಲ್ಲಪ್ಪಾ?”

“ನೀವು ಈಗ ನಿಂತಿದೀರಲ್ಲ, ಆ ಜಾಗದಲ್ಲಿ.”

ಸಂಪಾದಕ ಚಿತ್ರದೊಳಗಿನ ಕೈಗಳನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಭೇಷ್ ಎಂದು ಬೆನ್ನು ತಟ್ಟಿ ಪುರವಣಿಯ ಮುಖಪುಟಕ್ಕೇ ಹಾಕಿಬಿಟ್ಟ. ಮುಖಗಳು ಯಾರವೆಂದು ಅವನು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಭಾನುವಾರ ಬೆಳಗಿನಿಂದ ಬೀದಿ ಜೇನುಗೂಡಿಗೆ ಕೈ ಹಾಕಿದ ಹಾಗಾಗಿತ್ತು. ಒಬ್ಬರಿಗೊಬ್ಬರು ಪೇಪರು ತೋರಿಸಿಕೊಂಡು, ಇದು ನೀನೇ ಅಲ್ವಾ, ಇದು ನಿಮ್ಮನೆ ಪರದೆ ಅಲ್ವಾ ಎಂದು ಹಗಲೆಲ್ಲ ಗುಸುಗುಸು. ಸಂಜೆ ಹೊತ್ತಿಗೆ ಧೈರ್ಯ ಕೂಡಿಸಿಕೊಂಡು ಗುಂಪಾಗಿ ಮನೆ ಬಾಗಿಲಿಗೆ ಬಂದರು. ಮುಂದೆ ಮೇಷ್ಟ್ರು, ಪಕ್ಕದಲ್ಲಿ ಔಷಧಿ ಅಂಗಡಿಯವನು, ಹಿಂದೆ ಮಹಡಿಯಾಕೆ, ಇನ್ನೂ ಒಂದಷ್ಟು ಜನ. ಮೆಣಸಿನಕಾಯಿ ಇದಕ್ಕೇ ಕಾದಿದ್ದ. ಮೂರು ದಿನದಿಂದ ಮಸೆದಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಬಾಯಿತುಂಬ ಇಟ್ಟುಕೊಂಡು ಚಿಲಕ ತೆಗೆಯಲು ಹೋದರೆ, ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತಳು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

ಮೇಷ್ಟ್ರು ಪೇಪರನ್ನು ಚಾಚಿ ಹಿಡಿದರು. “ನಿಮ್ಮ ತಮ್ಮ ಏನಂತ ತಿಳ್ಕೊಂಡಿದಾನೆ? ನಮ್ಮನ್ನ ಒಂದು ಮಾತು ಕೇಳದೆ ನಮ್ಮ ಮುಖಾನ ಊರಿಗೆಲ್ಲ ತೋರಿಸ್ತಾನೆ. ನೋಡಿ ಇಲ್ಲಿ, ನನ್ನ ಕಣ್ಣು ಇಷ್ಟು ದೊಡ್ಡದಾ?”

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ಚಿತ್ರ ನೋಡಿದಳು, ಮೇಷ್ಟ್ರ ಮುಖ ನೋಡಿದಳು. “ಇಲ್ಲ ಮೇಷ್ಟ್ರೇ. ಇವನು ಸ್ವಲ್ಪ ಚಿಕ್ಕದಾಗೇ ಬರೆದಿದಾನೆ. ದಿನಾ ಇದಕ್ಕಿಂತ ದೊಡ್ಡದಾಗಿರುತ್ತೆ.”

ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಾಯಿತು. ಇದು ನಗುವ ವಿಷಯ ಅಲ್ಲ, ಮಾನದ ಪ್ರಶ್ನೆ ಎಂದು ಔಷಧಿ ಅಂಗಡಿಯವನು ಬಾಯಿ ಹಾಕಿದ.

“ಹೌದಪ್ಪ, ಮಾನದ ಪ್ರಶ್ನೇನೇ” ಎಂದಳು ಅಕ್ಕ. ದನಿ ಏರಿಸಲಿಲ್ಲ. “ಮುಟ್ಟಿದ್ರೆ ಬೆಳ್ಳಗಾಗ್ತಾರೆ, ಆರು ತಿಂಗಳಲ್ಲಿ ಸಾಯ್ತಾರೆ ಅಂದ್ರಲ್ಲ. ಮೇಷ್ಟ್ರೇ, ನೀವು ಹಾಕ್ಕೊಂಡಿರೋ ಅಂಗಿ ಹೋದ ವರ್ಷದ್ದು, ಆ ಎರಡನೇ ಕಾಜಾ ಸ್ವಲ್ಪ ಸೊಟ್ಟ, ಅವತ್ತು ನನಗೆ ಕಣ್ಣುನೋವಿತ್ತು. ನಿನ್ನ ಅಂಗಿ ಗುಂಡಿ ನೀಲಿ ದಾರ ಸಿಗದೆ ಕಪ್ಪಲ್ಲಿ ಹಾಕಿದ್ದಪ್ಪ. ನಿಮ್ಮ ಕತ್ತಿನ ಹತ್ರದ ಗುಂಡಿ ಮೊನ್ನೆ ಮಂಗಳವಾರ ಈ ಕೈಯಲ್ಲೇ ಹಾಕಿದೀನಮ್ಮ. ಬೀದಿಗೆಲ್ಲ ಒಬ್ಬನೇ ಟೈಲರ್, ಅವನಿಗೆ ನಾನೊಬ್ಬಳೇ. ಮೂವತ್ತು ವರ್ಷದಿಂದ ನಾನು ಮುಟ್ಟಿದ್ದನ್ನೇ ಮೈಮೇಲೆ ಹಾಕ್ಕೊಂಡು ಓಡಾಡ್ತಿದೀರ. ಬಿಚ್ಚಿ ನೋಡ್ಕೊಳ್ಳಿ. ಯಾರಿಗಾದ್ರೂ ಬೆಳ್ಳಗಾಯ್ತಾ?”

ಒಬ್ಬೊಬ್ಬರ ತಲೆಯೂ ತನ್ನಷ್ಟಕ್ಕೆ ಬಗ್ಗಿ ಸ್ವಂತ ಎದೆಯ ಮೇಲಿನ ಗುಂಡಿಗಳತ್ತ ಹೋಯಿತು.

ಅಕ್ಕ ಒಳಗೆ ಕೈಚಾಚಿದಳು. ಬೈಗುಳವನ್ನೆಲ್ಲ ನುಂಗಿಕೊಂಡು ನಿಂತಿದ್ದ ತಮ್ಮ ಚೀಲ ಕೊಟ್ಟ, ಛತ್ರಿ ಬಿಚ್ಚಿ ಕೊಟ್ಟ. “ನೀನು ಬರೋದು ಬೇಡ, ಒಬ್ಬಳೇ ಹೋಗ್ತೀನಿ. ಟೈಲರ್‌ಗೂ ಹೇಳೋದಿದೆ, ಚೀಲ ನಾನೇ ತರ್ತೀನಿ ಅಂತ” ಎಂದಳು. ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ಅವಳು ಇಳಿಬಿಸಿಲಿಗೆ ಛತ್ರಿ ಅಡ್ಡ ಹಿಡಿದು ನಡುಬೀದಿಯಲ್ಲಿ ನಡೆದುಹೋದಳು. ಅವಳು ಟ್ಯಾಂಕು ದಾಟಿ ಹೋದರೂ ಮೇಷ್ಟ್ರು ಅಂಗಿಯ ಎರಡನೇ ಗುಂಡಿಯನ್ನು ಬೆರಳಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.