ಈರಪ್ಪ ಕಾಕಾ ತರಿಸಿದ ಬೂಟು

ಈರಪ್ಪ ಕಾಕಾ ಮನೆಯಲ್ಲಿದ್ದಾರೋ ಇಲ್ಲವೋ ಎಂದು ತಿಳಿಯಲು ಬೆಲ್ ಒತ್ತಬೇಕಾಗಿರಲಿಲ್ಲ. ಬಾಗಿಲಾಚೆ ಅವರ ಚಪ್ಪಲಿ ಇದೆಯೇ ಎಂದು ನೋಡಿದರೆ ಸಾಕಿತ್ತು. ಅದು ಕಣ್ಣಿಗೆ ಬೀಳದೆ ಹೋಗುವ ಚಪ್ಪಲಿಯಲ್ಲ. ಕಲ್ಯಾಣದ ನಮ್ಮ ಕಟ್ಟಡದ ಮಕ್ಕಳು ಅದರ ಒಂದೊಂದರಲ್ಲಿ ಎರಡೂ ಕಾಲಿಟ್ಟು ನಿಂತು, ಮೆಟ್ಟಿಲಂಗಳದಲ್ಲಿ ಕುಪ್ಪಳಿಸುವ ಪಂದ್ಯ ಆಡುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ಒಮ್ಮೆ ಅದಕ್ಕೆ ಎಡವಿ, "ಕಾಕಾ, ಹೇ ಖಾಲೀ ಪಾರ್ಕಿಂಗ್‌ಮಧ್ಯೆ ಲಾವಾ," ಕೆಳಗೆ ಪಾರ್ಕಿಂಗಿನಲ್ಲಿ ನಿಲ್ಲಿಸಿ ಎಂದು ಗೇಲಿ ಮಾಡಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ.

ಅಷ್ಟು ದೊಡ್ಡ ಪಾದ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆಳೂ ಎತ್ತರ, ಆದರೆ ಪಾದಗಳು ಆ ಎತ್ತರವನ್ನೂ ಮೀರಿಸಿದ್ದವು. ಸ್ಟೇಷನ್ ಹತ್ತಿರದ ಚಮ್ಮಾರನೊಬ್ಬ ಟೈರಿನ ಅಟ್ಟೆ ಹಾಕಿ ಅವರಿಗೆಂದೇ ಚಪ್ಪಲಿ ಹೊಲಿದುಕೊಡುತ್ತಿದ್ದ. ಊರು ಬಾಗಲಕೋಟೆ ಕಡೆ. ಹರೆಯದಲ್ಲಿ ಸಂಬಂಧಿಕರ ಕಬ್ಬಿಣದ ಅಂಗಡಿಗೆಂದು ಕಳಂಬೋಲಿಗೆ ಬಂದವರು, ಮುಂದೆ ಅಲ್ಲೇ ಸ್ಟೀಲ್ ಮಾರ್ಕೆಟ್‌ನಲ್ಲಿ ಸ್ವಂತ ಅಂಗಡಿ ಹಾಕಿದರು. ದಿನವಿಡೀ ತಗಡು ಕೊಯ್ಯುವ ಸದ್ದಿನ ನಡುವೆ ಮಾತಾಡಿ ರೂಢಿಯಾಗಿ, ಮನೆಯಲ್ಲೂ ಅವರ ಗುಟ್ಟಿನ ಮಾತು ಎದುರು ಮನೆಯ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಉಡುಪಿ ಕಡೆಯವಳು, ಮದುವೆಯಾಗಿ ಕಲ್ಯಾಣಕ್ಕೆ ಬಂದು ಮಹಾಪೆಯಲ್ಲಿ ಕೆಲಸಕ್ಕೆ ಸೇರಿದವಳು. ನನ್ನ ಕನ್ನಡ ಅವರಿಗೆ ತಮಾಷೆ, ಅವರ ಕನ್ನಡ ನನಗೆ. ನಾನು "ಎಂತ ಕಾಕಾ?" ಎಂದರೆ ಅವರು "ಎಂತಾ ಇಲ್ಲವಾ ತಂಗಿ, ಅರಾಮ ಅದೀನಿ" ಎಂದು ನನ್ನ ರಾಗದಲ್ಲೇ ಅಣಕಿಸುತ್ತಿದ್ದರು.

ವ್ಯಾಪಾರದಲ್ಲಿ ಅವರದು ಒಂದೇ ಮಾತು: "ಬಿಲ್ ಇಲ್ಲದ ಮಾಲು ನಮ್ಮ ಗಾಡಿ ಏರಂಗಿಲ್ಲ." ಅದರಿಂದ ಗಿರಾಕಿಗಳು ಕೈಬಿಟ್ಟದ್ದೂ ಉಂಟು. ಕೊತ್ತಂಬರಿ ಸೊಪ್ಪಿಗೂ ಬಿಲ್ ಕೇಳ್ತೀರಾ ಎಂದು ನಾನು ಛೇಡಿಸುತ್ತಿದ್ದೆ. ಒಮ್ಮೆ ಕಲ್ಯಾಣದಲ್ಲಿ ಲೋಕಲ್ ಹೊರಡುವ ಹೊತ್ತಾಗಿ, ಟಿಕೆಟ್ ತೆಗೆಯದೆ ನನ್ನ ಜೊತೆ ಓಡಿ ಹತ್ತಿಬಿಟ್ಟರು. ಠಾಣೆ ಬರುವತನಕ ಅವರ ಮುಖ ನೋಡುವಂತಿರಲಿಲ್ಲ. ಟಿ.ಸಿ. ಯಾರೂ ಬರಲಿಲ್ಲ. ಇಳಿದವರೇ ಸಾಲಿನಲ್ಲಿ ನಿಂತು ಬಂದ ದಾರಿಯ ಲೆಕ್ಕಕ್ಕೆ ಕಲ್ಯಾಣಕ್ಕೆ ಒಂದು ಟಿಕೆಟ್ ಕೊಂಡು, ಅದನ್ನು ಹರಿದು ಬುಟ್ಟಿಗೆ ಹಾಕಿ, "ಈಗ ಬರೋಬರಿ ಆತು," ಎಂದರು. ಆ ಮೇಲೆಯೇ ಅವರಿಗೆ ಚಹಾ ಕುಡಿಯುವ ಮನಸ್ಸಾದದ್ದು.

ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಅವರ ಕಾಲಿನ ಬಗ್ಗೆ ಕಟ್ಟುನಿಟ್ಟು ಮಾಡಿದರು. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ, ಮೆತ್ತಗಿನ ಅಗಲವಾದ ಬೂಟು ಹಾಕಿ, ಗಾಯವಾದರೆ ನಿಮಗೇ ಗೊತ್ತಾಗುವುದಿಲ್ಲ ಎಂದರು. ಅದೇ ವರ್ಷ ಮಗಳು ಸವಿತಾಳ ಮದುವೆ ಗೊತ್ತಾಯಿತು. ಬೀಗರು ಠಾಣೆಯ ಸ್ಥಿತಿವಂತರು. ಆರತಕ್ಷತೆಗೆ ಅಪ್ಪ ಸೂಟು ಹಾಕಲೇಬೇಕೆಂದು ಸವಿತಾ ಹಟ ಹಿಡಿದಳು. ಸೂಟಾಯಿತು, ಬೂಟು ಎಲ್ಲಿಂದ ತರುವುದು?

ಠಾಣೆಯ ದೊಡ್ಡ ಮಾಲ್‌ಗೆ ಕಾಕಾ, ಸವಿತಾ, ನಾನು ಮೂವರೂ ಹೋದೆವು. ಅಂಗಡಿಯ ಹುಡುಗ ಗೋದಾಮಿನಲ್ಲೆಲ್ಲ ಹುಡುಕಿ ಅತಿ ದೊಡ್ಡ ಸೈಜಿನದೆಂದು ಒಂದು ಜೋಡಿ ತಂದ. ಕಾಕಾ ಅದರೊಳಗೆ ಬೆರಳುಗಳನ್ನು ತೂರಿಸಿ, "ಬೆರಳಿಗೆ ಇದು ಚೊಲೊ ಆತು. ಇನ್ನ ಕಾಲಿಗೆ ಒಂದು ತೋರಸಪಾ," ಎಂದು ಶಾಂತವಾಗಿ ಕೇಳಿದರು. ಕನ್ನಡ ಬಾರದ ಹುಡುಗ ನಮ್ಮ ನಗು ನೋಡಿ ತಾನೂ ನಕ್ಕ. ಸವಿತಾ ಮಾತ್ರ, "ಪಪ್ಪಾ, ಮಜಾಕ್ ಮತ್ ಕರೋ ನಾ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಮಾತ್ರ ಬರುತ್ತಿರಲಿಲ್ಲ.

ಪರದೇಶದಿಂದ ತರಿಸೋಣ ಎಂದವಳು ನಾನು. ಜರ್ಮನಿಯಲ್ಲಿ ದೊಡ್ಡ ಪಾದದವರಿಗೆಂದೇ ಬೂಟು ಮಾಡುವ ಒಂದು ಸಣ್ಣ ಅಂಗಡಿ ನನ್ನ ಮೊಬೈಲಿನಲ್ಲಿ ಸಿಕ್ಕಿತು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಮೆತ್ತೆಯೂ ಇತ್ತು. ಅಳತೆಗೆಂದು ಕಾಕಾರನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದೆ. ಒಂದು ಹಾಳೆ ಸಾಲದೆ ಎರಡು ಅಂಟಿಸಬೇಕಾಯಿತು. ಪೆನ್ಸಿಲ್ ತಾಗಿದಲ್ಲೆಲ್ಲ ಕಚಗುಳಿಯಾಗಿ ಅವರು ಹಾರಾಡುತ್ತಿದ್ದರು. ಬೂಟಿನ ಬೆಲೆಯಲ್ಲದೆ ಕಸ್ಟಮ್ಸ್ ಡ್ಯೂಟಿ ಬೀಳುತ್ತದೆ, ಅದರ ಮೇಲೆ ಕೊರಿಯರಿನವರ ಶುಲ್ಕ ಬೇರೆ, ಎಲ್ಲ ಸೇರಿ ಬೂಟಿನ ಬೆಲೆಯ ಅರ್ಧಕ್ಕೂ ಮಿಗಿಲಾಗಬಹುದು ಎಂದು ಹೇಳಿದೆ.

"ಬೀಳಲಿ. ಸರಕಾರದ್ದು ಸರಕಾರಕ್ಕ ಕಟ್ಟು. ನಾ ಏನ್ ದಿನಾ ತರಸ್ತೀನೇನ?" ಎಂದರು.

ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಆದರೂ ನಾನು ಸುಮ್ಮನಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಮಾಡುವ ಉಪಾಯ ನನಗೂ ಗೊತ್ತಿತ್ತು. ಅಂಗಡಿಯವನಿಗೆ ಬರೆದೆ: ಪೆಟ್ಟಿಗೆಯ ಮೇಲೆ 'ಉಡುಗೊರೆ, ಬಳಸಿದ ಬೂಟು' ಎಂದು ನಮೂದಿಸಿ, ಬೆಲೆ ಕಡಿಮೆ ತೋರಿಸಿ. ಅವನು ಒಪ್ಪಿದ. ಡ್ಯೂಟಿ ಉಳಿಸಿದ ಸುದ್ದಿಯನ್ನು ಕೊನೆಗೆ ಹೇಳಿ ಕಾಕಾರಿಂದ ಶಹಬ್ಬಾಸ್ ಎನಿಸಿಕೊಳ್ಳುವ ಆಸೆ ನನ್ನದು. ಅವರನ್ನು ಅಷ್ಟು ವರ್ಷ ಎದುರು ಮನೆಯಲ್ಲಿದ್ದು ನೋಡಿದ ನಾನು, ಅವರು ಅದಕ್ಕೆ ಶಹಬ್ಬಾಸ್ ಹೇಳುತ್ತಾರೆಂದು ಹೇಗೆ ಅಂದುಕೊಂಡೆನೋ ಇವತ್ತಿಗೂ ಅರ್ಥವಾಗಿಲ್ಲ.

ಪಾರ್ಸೆಲ್ ಮುಂಬಯಿಗೆ ಬಂದು ಕಸ್ಟಮ್ಸ್‌ನಲ್ಲಿ ನಿಂತಿತು. ಪೆಟ್ಟಿಗೆಯೊಳಗಿನ ಹೊಸ ಬೂಟಿಗೂ ಮೇಲೆ ಬರೆದದ್ದಕ್ಕೂ ತಾಳೆಯಾಗಲಿಲ್ಲ. ನಿಜವಾಗಿ ಕೊಟ್ಟ ಹಣದ ರುಜುವಾತು ಕಳಿಸಿ, ಬೆಲೆ ಯಾಕೆ ಕಡಿಮೆ ತೋರಿಸಿದ್ದೀರಿ ತಿಳಿಸಿ ಎಂದು ಸಂದೇಶ ಬಂತು. ಬಂದದ್ದು ನನಗಲ್ಲ, ಕಾಕಾರಿಗೆ. ಪಾರ್ಸೆಲ್ ಅವರ ಹೆಸರಿನಲ್ಲಿತ್ತು, ಕೊಟ್ಟ ಆಧಾರ್ ಅವರದಾಗಿತ್ತು.

ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಮುಚ್ಚಿಡದೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನನ್ನ ಹೆಸರಿಲೆ ಬರಿಸಿದೇನವಾ?"

"ನಿಮಗೆ ಉಳೀಲಿ ಅಂತ ಮಾಡಿದ್ದು ಕಾಕಾ. ಎಲ್ಲರೂ ಹಾಗೇ ಮಾಡುದು ಮಾರಾಯ್ರೆ."

"ಉಳಿಸು ಅಂತ ನಾ ಯಾವಾಗ ಅಂದಿದ್ದೆ?" ಎಂದರು. ಆಮೇಲೆ ತಾವೇ ನನ್ನ ತಲೆ ಸವರಿ, "ಇರಲಿ ಬಿಡು. ಖರೇ ಬೆಲೆ ಬರದು ಕಳಸು. ದಂಡ ಹಾಕಿದ್ರ ದಂಡ ಕಟ್ಟೂಣು," ಎಂದರು.

ಕಳಿಸಿದೆ. ಡ್ಯೂಟಿಯ ಜೊತೆ ದಂಡವೂ ಬಿತ್ತು, ಕಟ್ಟಿಯೂ ಆಯಿತು. ಆದರೆ ಕಾಗದಪತ್ರ ಅಲ್ಲಿಂದಿಲ್ಲಿಗೆ ಓಡಾಡುವಷ್ಟರಲ್ಲಿ ಮದುವೆಯ ದಿನ ಬಂದೇಬಿಟ್ಟಿತು. ಹೊಸದು ಬರುತ್ತದಲ್ಲ ಎಂಬ ಧೈರ್ಯದಲ್ಲಿ ಸವಿತಾ, ಚಮ್ಮಾರ ಎಂದೋ ಹೊಲಿದುಕೊಟ್ಟಿದ್ದ ಅಪ್ಪನ ಹಳೇ ಹರಕು ಬೂಟನ್ನು ಮೊದಲೇ ಕಸ ಒಯ್ಯುವ ಕಚರಾದವನಿಗೆ ಕೊಟ್ಟಿದ್ದಳು. ಉಳಿದದ್ದು ಟೈರಿನ ಚಪ್ಪಲಿ.

ಆರತಕ್ಷತೆಯ ಸಂಜೆ ಹಾಲ್‌ನ ಬಾಗಿಲಲ್ಲಿ ಕಾಕಾ ಸೂಟಿನಲ್ಲಿ ನಿಂತು ಕೆಳಗೆ ನೋಡಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಆ ಚಪ್ಪಲಿಯಲ್ಲಿ ಒಳಗೆ ಹೋದರೆ ಬೀಗರ ಕಡೆಯವರು ಏನೆನ್ನುತ್ತಾರೋ, ಮಗಳ ಮುಖ ಹೇಗಾಗುತ್ತದೋ ಎಂಬುದು ಇಬ್ಬರ ತಲೆಯಲ್ಲೂ ಓಡುತ್ತಿತ್ತು. ಅವರು ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಆ ಪಾದಗಳು ಬರಿದಾಗಿದ್ದರೆ ಯಾರಿಗೆ ಕಾಣುವುದಿಲ್ಲ! ಬೀಗರೇ ಎದುರು ಬಂದು, "ಅರೆ, ಬೀಗರ, ಬೂಟ ಎಲ್ಲಿ?" ಎಂದು ಎಲ್ಲರೆದುರು ಕೇಳಿದರು. ತಪ್ಪು ನನ್ನದು ಎಂದು ಹೇಳಲು ನಾನು ಬಾಯಿ ತೆರೆದೆ. ಕಾಕಾ ನನ್ನ ಕೈ ಅದುಮಿದರು.

"ಹರಕಿ ಐತ್ರಿ. ಮಗಳ ಲಗ್ನ ಸುಸೂತ್ರ ಆದ್ರ ಟಿಟ್ವಾಳಾ ಗಣಪ್ಪಗ ಬರಿಗಾಲಿಲೆ ನಡಕೊಂಡು ಬರ್ತೀನಿ ಅಂದೀನಿ. ಅಲ್ಲೀತನಕ ಕಾಲಿಗೆ ಏನೂ ಹಾಕಂಗಿಲ್ಲ."

ಬೀಗರು ಗಂಭೀರವಾದರು. ಅವರ ಕಡೆಯ ಒಬ್ಬಿಬ್ಬರು ಕಾಕಾರಿಗೆ ಕೈಮುಗಿದರು. ಕಾಕಾ ಸರಾಗವಾಗಿ ಹೇಳಿದ ಸುಳ್ಳು ಅದೊಂದೇ ಇರಬೇಕು. ನನ್ನ ಮಾನವೂ ಉಳಿಯಿತು, ಮಗಳ ಮಾನವೂ ಉಳಿಯಿತು. ಆ ಸಂಜೆ ನಾನು ಹೊಟ್ಟೆತುಂಬ ಊಟ ಮಾಡಿದೆ.

ಮಾರನೆಯ ದಿನದಿಂದ ಕಾಕಾ ಬರಿಗಾಲಲ್ಲೇ ಓಡಾಡತೊಡಗಿದರು. ಹಗುರಾಗಿ ಆಡಿದ ಮಾತು, ಯಾರಿಗೆ ನೆನಪಿರುತ್ತದೆ ಬಿಡಿ ಎಂದೆ. ಅವರ ಹೆಂಡತಿ ಕಾಕು ಅತ್ತು ಜಗಳ ಮಾಡಿದರು. ಡಾಕ್ಟರರ ಹೆಸರು ಹೇಳಿ ಹೆದರಿಸಿದೆವು. ಕಾರಿನಲ್ಲಿ ಹೋಗಿ ಹುಂಡಿಗೆ ಕಾಣಿಕೆ ಹಾಕಿ ಬರೋಣ, ಕಸ್ಟಮ್ಸ್ ದಂಡದ ಹಾಗೆ ಇದಕ್ಕೂ ಒಂದು ದಂಡ ಕಟ್ಟಿದರಾಯಿತು ಎಂದೂ ಹೇಳಿನೋಡಿದೆ.

"ಬೀಗರ ಮಂದಿ ಕೈ ಮುಗದದ್ದು ನನಗಲ್ಲ, ಹರಕಿಗೆ. ದೇವರ ಹೆಸರಿಲೆ ಸುಳ್ಳ ಹೇಳಿ ನಮಸ್ಕಾರ ಇಸ್ಕೊಂಡೀನಿ. ಅದನ್ನ ನಡದು ಖರೇ ಮಾಡಬೇಕು ತಂಗಿ," ಎಂದರು.

"ಸುಳ್ಳು ಹೇಳಿಸಿದ್ದು ನಾನಲ್ವ ಕಾಕಾ?"

"ಬಾಯಿ ನಂದಲ್ಲೇನು?"

ಆ ಮಾತಿಗೆ ನಾನು ಇನ್ನೂ ವಾದಿಸಬಹುದಿತ್ತು. ವಾದಿಸಲಿಲ್ಲ. ಅವರು ನಡೆದು ಮುಗಿಸಿಬಿಟ್ಟರೆ ನನ್ನ ತಪ್ಪೂ ಅಲ್ಲಿಗೆ ಮುಗಿಯುತ್ತದೆ ಎಂಬ ಆಸೆ ಒಳಗೆ ಇತ್ತು. ಇಷ್ಟರಲ್ಲಿ ಬೂಟಿನ ಪೆಟ್ಟಿಗೆ ಮನೆಗೆ ಬಂದಿತ್ತು. ಹರಕೆ ತೀರದೆ ಮುಟ್ಟುವುದಿಲ್ಲ ಎಂದು ಅದನ್ನು ಕಪಾಟಿನ ಮೇಲೆ ಇಡಿಸಿದರು.

ಮುಂದಿನ ಸಂಕಷ್ಟಿಯ ದಿನ ಬೆಳಗ್ಗೆ ಟಿಟ್ವಾಳಾದ ಗಣಪತಿ ಗುಡಿಗೆ ಹೊರಟರು, ಕಲ್ಯಾಣದಿಂದ ಹತ್ತು ಕಿಲೋಮೀಟರಿನಷ್ಟು ದಾರಿ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ನಾನು ರಜೆ ಹಾಕಿ, ನೀರು, ಗ್ಲುಕೋಸ್ ಇಟ್ಟುಕೊಂಡು ಸ್ಕೂಟರಿನಲ್ಲಿ ನಿಧಾನಕ್ಕೆ ಹಿಂದಿನಿಂದ ಹೋದೆ. ಬಿಸಿಲೇರಿ ಡಾಂಬರು ಕಾದಿತ್ತು. ಸ್ಕೂಟರ್ ನಿಲ್ಲಿಸಿದಾಗ ನನ್ನ ಚಪ್ಪಲಿಯ ಒಳಗೂ ಬಿಸಿ ತಾಗುತ್ತಿತ್ತು. ಕಾಲು ಸುಡುತ್ತದಾ ಎಂದು ಮತ್ತೆ ಮತ್ತೆ ಕೇಳಿದೆ. ಇಲ್ಲವೆಂದು ಕೈಯಾಡಿಸಿ ಮುಂದೆ ಹೋಗುತ್ತಿದ್ದರು. ಟಿಟ್ವಾಳಾ ಮುಟ್ಟಿದಾಗ ಅವರ ಮುಖದಲ್ಲಿ ಅಂಥ ನೆಮ್ಮದಿ ಇತ್ತು. ದರ್ಶನದ ಸಾಲಿನಲ್ಲಿ ಅವರು ಹೆಜ್ಜೆಯಿಟ್ಟ ಕಡೆ ಕಲ್ಲಿನ ಮೇಲೆ ಕೆಂಪಗೆ ಅಂಟಿದ್ದು ಕಂಡೆ. ಯಾರೋ ಕುಂಕುಮ ಚೆಲ್ಲಿದ್ದಾರೆ ಎಂದುಕೊಂಡೆ.

"ಗಣಪ್ಪ ಮಾಫ್ ಮಾಡ್ಯಾನ ನೋಡು," ಎಂದರು. "ಇಷ್ಟು ದೂರ ನಡದೀನಿ, ಕಾಲಾಗ ಒಂದೀಟೂ ನೋವಿಲ್ಲ."

ನಾನೂ ಅದನ್ನು ನಂಬಿದೆ. ನಂಬುವುದು ನನಗೂ ಬೇಕಾಗಿತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯುವುದಿಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಆಗ ಅದು ನೆನಪಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಕಾಕು ಕಾಲು ತೊಳೆಯಲು ಹೋಗಿ ಚೀರಿದರು. ಎಡಗಾಲಿನ ಗುಳ್ಳೆಗಳು ಒಡೆದಿದ್ದವು, ಹೆಬ್ಬೆರಳಿನ ಬುಡದಲ್ಲಿ ಗಾಜಿನ ಚೂರು ಹೊಕ್ಕಿತ್ತು. ಗಾಯ ಮಾಯಲಿಲ್ಲ, ಕಪ್ಪಾಯಿತು. ಕೊನೆಗೆ ಆಸ್ಪತ್ರೆಯಲ್ಲಿ ಎಡಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು.

ಆಪರೇಷನ್ ಆದ ಮೇಲೆ ನೋಡಲು ಹೋದೆ. ಮಂಚದ ಪಕ್ಕ ನಿಂತಿದ್ದೆ. ನನ್ನ ಮುಖ ನೋಡಿ ಅವರೇ ನಗಿಸಲು ಹೊರಟರು. "ಚೊಲೊ ಆತು ಬಿಡವಾ. ಇನ್ನ ಈ ಕಾಲಿಗೆ ಇಲ್ಲೇ ಅಂಗಡ್ಯಾಗ ಬೂಟು ಸಿಗತೈತಿ. ಪರದೇಶದಿಂದ ತರಸೂದಿಲ್ಲ, ಡ್ಯೂಟಿನೂ ಇಲ್ಲ!" ಅಂದರು. ಹೊರಗೆ ಬಂದು ಬಾತ್‌ರೂಮಿನಲ್ಲಿ ನಾನು ಅತ್ತುಬಿಟ್ಟೆ.

ಕಾಕು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೊದಲಿನ ಹಾಗೇ ರೊಟ್ಟಿ ಮಾಡಿದ ದಿನ ಕರೆದು ಕೊಡುತ್ತಿದ್ದರು. ಕಾಕಾ ಕೋಲು ಹಿಡಿದು ಓಡಾಡುವಂತಾದರು, ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟರು. ಎಡಗಾಲಿಗೆ ಮನೆಯಲ್ಲೂ ಯಾವಾಗಲೂ ಕಾಲುಚೀಲ. ನನಗೆ ಕಾಣಬಾರದೆಂದೇ ಹಾಕುತ್ತಿದ್ದರೆಂದು ಸವಿತಾ ಆಮೇಲೆ ಹೇಳಿದಳು. ನಾನು ಆಫೀಸಿನಿಂದ ಬಂದರೆ ಮೊದಲು ನಮ್ಮ ಬಾಗಿಲನ್ನೇ ನೋಡುತ್ತಿದ್ದೆ, ಅವರ ಬಾಗಿಲ ಕಡೆ ತಿರುಗುತ್ತಿರಲಿಲ್ಲ. ಒಳಗಿನಿಂದ "ಎಂತ ತಂಗಿ!" ಎಂಬ ಕೂಗು ಬಂದಾಗ ಮಾತ್ರ ಹೋಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟರು. ಹೃದಯ ನಿಂತದ್ದು, ಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮೀಯಿಸುವಾಗ ಕಾಲುಚೀಲ ತೆಗೆದಿದ್ದರು. ಆಪರೇಷನ್ ಆದ ಮೇಲೆ ಎಡಪಾದ ಮೊದಲ ಬಾರಿಗೆ ನನ್ನೆದುರು ಬರಿದಾಗಿತ್ತು. ಒಬ್ಬೊಬ್ಬರೇ ಬಂದು ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಆನಿಕೊಂಡು ನಿಂತುಬಿಟ್ಟೆ.

ಕಾಕು ತಲೆಯೆತ್ತಿ ಕರೆದರು. "ಬಾರವಾ ತಂಗಿ, ನಮಸ್ಕಾರ ಮಾಡು. ಅವರಿಗೆ ನಿನ್ನ ಮ್ಯಾಲೆ ಎಂದೂ ಸಿಟ್ಟಿದ್ದಿಲ್ಲ."

ಹೋಗಿ ಮಂಡಿಯೂರಿದೆ. ಎರಡೂ ಕೈ ಚಾಚಿದೆ. ಮುಟ್ಟಲು ಆದದ್ದು ಬಲಗಾಲನ್ನು ಮಾತ್ರ.