ಕರುವಿನ ಪಾಲು

ನಾಸಿಯೆಕುವಿನ ಕೈಯಲ್ಲಿ ಕರು ಸತ್ತದ್ದೇ ಇಲ್ಲ ಎಂದು ಬರಗೋಯಿ ಕಡೆ ಹೆಸರಾಗಿತ್ತು. ಹಸುವಿನ ಎರಡು ಮೊಲೆ ಮನೆಗೆ, ಎರಡು ಕರುವಿಗೆ; ದನ ಸಾಕಿ ಬದುಕುವ ಸಂಬುರು ಹೆಂಗಸರೆಲ್ಲ ಹಾಗೆಯೇ ಹಾಲು ಕರೆಯುವುದು. ಬೇಸಿಗೆ ಬಿಗಿಯಾದಾಗ ಉಳಿದವರು ಮೆಲ್ಲಗೆ ಕರುವಿನ ಪಾಲಿಗೂ ಕೈ ಹಾಕುತ್ತಿದ್ದರು. ಇವಳು ಮಾತ್ರ ಹಾಕುತ್ತಿರಲಿಲ್ಲ.

"ನೀನು ಹೆತ್ತಿದ್ದು ಮಗೂನೋ ಕರೂನೋ?" ಎಂದು ನೆರೆಯ ನೊಲಾರಿ ಅಜ್ಜಿ ಕೆಣಕುತ್ತಿದ್ದಳು.

"ಕರು ಹೋದ್ರೆ ಹಸು ಸೊರೆ ಬಿಡಲ್ಲ, ಹಾಲೇ ಇಳಿಯಲ್ಲ ಅಜ್ಜಿ. ಆಮೇಲೆ ಮಗೂಗೆ ನಿನ್ ಮಾತು ಕುಡಿಸ್ಲಾ?"

ಆ ವರ್ಷ ಮಳೆ ಕೈಕೊಟ್ಟಿತು. ಗಂಡ ಮಂದೆ ಹೊಡೆದುಕೊಂಡು ಬೆಟ್ಟದಾಚೆ ಹೋದ. ಮನೆಗೆಂದು ಒಂದು ಹಸು, ಅದರ ಕರು ಬಿಟ್ಟುಹೋದ. ನಾಸಿಯೆಕುವಿನ ಎದೆಹಾಲು ಬತ್ತಿತ್ತು. ಎರಡು ವರ್ಷದ ಮಗು ರೆಸಿಯಾತೊಗೆ ಆ ಹಸುವೇ ಗತಿ, ಜೊತೆಗೆ ಒಂದಿಷ್ಟು ಮೆಕ್ಕೆಜೋಳದ ಗಂಜಿ. ಬರಬರುತ್ತಾ ಹಾಲು ಬೊಗಸೆಗೆ ಇಳಿಯಿತು. ಒಳಗೆ ಮಗು ಅಳುತ್ತಿತ್ತು, ಹೊರಗೆ ಕರು ಅರಚುತ್ತಿತ್ತು. ಕರುವಿನದನ್ನೂ ಕರೆದುಬಿಡಬಾರದಿತ್ತೇ ಎಂದು ಈಗ ಕೇಳುತ್ತಾರೆ; ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಕೇಳೀತು. ಕರು ಸತ್ತರೆ ನಾಳೆಯಿಂದ ಬೊಗಸೆಯೂ ಇಲ್ಲ. ಅವಳು ಎರಡು ಮೊಲೆ ಬಿಟ್ಟೇ ಕರೆದಳು.

ಆಮೇಲೊಂದು ದಿನ ಮಗು ಅಳು ನಿಲ್ಲಿಸಿತು. ಕೆನ್ನೆ ತುಂಬಿಕೊಂಡವು, ಪಾದ ದುಂಡಗಾದವು. ನಾಸಿಯೆಕುವಿಗೆ ಹೋದ ಜೀವ ಬಂದಂತಾಯಿತು.

"ನೋಡಜ್ಜಿ, ನನ್ ಕೂಸು ಮೈ ಹಿಡೀತಿದೆ. ಈಗ ಹಟಾನೂ ಇಲ್ಲ."

ಮುದುಕಿ ಮಗುವಿನ ಪಾದವನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಗುಳಿ ಹಾಗೇ ಉಳಿಯಿತು.

"ಇದು ಮೈಯಲ್ಲ ಕಣೇ, ಹೊಟ್ಟೆಗಿಲ್ದೆ ತುಂಬಿದ ನೀರು. ಅಳೋಕೂ ತ್ರಾಣ ಇಲ್ಲ ಇದಕ್ಕೆ. ಏಳು, ಆಸ್ಪತ್ರೆಗೆ ಹೊರಡು."

ಬೆನ್ನಿಗೆ ಕಟ್ಟಿಕೊಂಡು ಓಡಿದಳು. ಒಣಹೊಳೆ ದಾಟುವಾಗ ಬೆನ್ನ ಮೇಲಿನ ತಲೆ ಒಂದು ಕಡೆಗೆ ಜೋಲಿತು. ಮರಳಲ್ಲಿ ಕೂತು ಇಳಿಸಿ ನೋಡಿದರೆ ಉಸಿರಿರಲಿಲ್ಲ. ಅಯ್ಯೋ, ಹಸಿವಿನಿಂದ ಸೋತು ಸುಮ್ಮನಾದ ಮಗುವನ್ನು ಹೊಟ್ಟೆ ತುಂಬಿ ಸುಮ್ಮನಾಗಿದೆ ಎಂದುಕೊಂಡಿದ್ದಳಲ್ಲ ಆ ತಾಯಿ! ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳು.

ಕರು ಬದುಕಿತು, ಮಳೆಯೂ ಬಂತು. ಈಗಲೂ ಹೊಸ ಸೊಸೆಯಂದಿರು ಕರು ಸಾಕುವುದನ್ನು ಕೇಳಲು ಅವಳ ಹತ್ತಿರವೇ ಬರುತ್ತಾರೆ. ಮೊನ್ನೆಯೂ ಒಬ್ಬಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಿದ್ದಳು.

"ಕರು ಮಾತು ಆಮೇಲೆ. ಮಗು ಅಳುತ್ತಾ?"

"ಅಳುತ್ತಾ ಅಂದ್ರೆ? ಕಿವಿ ತೂತು ಬೀಳೋ ಹಾಗೆ ಅಳುತ್ತೆ ದೊಡ್ಡಮ್ಮ. ಸಾಕಾಗಿಹೋಗಿದೆ."

"ಅಳಲಿ ಬಿಡು," ಎಂದಳು ನಾಸಿಯೆಕು. "ಸುಮ್ನಾದ್ರೆ ಹೇಳು, ನಾನೂ ಜೊತೆಗೆ ಓಡ್ತೀನಿ."