ಪಶ್ಚಿಮ ಘಟ್ಟದ ಚೀನೀ ಬಿದಿರು

ಚೀನಾದ ಸಂಗೀತ ಹುಟ್ಟಿದ್ದು ನಮ್ಮ ಆಗುಂಬೆಯ ಆಸುಪಾಸಿನಲ್ಲಿ ಎಂಬ ಸುದ್ದಿ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ಅದನ್ನು ಹುಟ್ಟಿಸಿದವನು ನಾನು. ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ, ಯುಗಾದಿಯ ಊಟಕ್ಕೆ ಸ್ವಲ್ಪ ಮುಂಚೆ, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಬೇವು-ಬೆಲ್ಲದ ಬಟ್ಟಲು ಹಿಡಿದುಕೊಂಡು ಹುಟ್ಟಿಸಿದೆ. ಆಗುಂಬೆಯನ್ನು ಮಾತ್ರ ನಾನು ಸೇರಿಸಿದ್ದಲ್ಲ. ಅದು ದಾರಿಯಲ್ಲಿ ತಾನೇ ಹತ್ತಿಕೊಂಡಿತು.

ಆಗ ನಾನು ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಮೇಲೆ ಶ್ವೀಬರ್ಡಿಂಗೆನ್‌ಗೆ ಬಂದ ಹೊಸತು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ನನಗೆ ದೇವರು ಕೊಟ್ಟ ವಿದ್ಯೆ ಒಂದೇ, ಮಿಮಿಕ್ರಿ. ರೈಲಿನ ಅನೌನ್ಸ್‌ಮೆಂಟನ್ನು ಆ ಹೆಂಗಸಿನ ಮೂಗಿನ ದನಿಯ ಸಮೇತ ಒಂದಕ್ಷರ ತಪ್ಪದೆ ಹೇಳುತ್ತಿದ್ದೆ; ಅರ್ಥವಾಗದೆ ಎರಡು ನಿಲ್ದಾಣ ಮುಂದೆ ಹೋಗಿ ಇಳಿಯುತ್ತಿದ್ದೆ. ನಮ್ಮ ಟೀಮ್ ಲೀಡ್ ಯಾರು ಏನೇ ಹೇಳಿದರೂ "ಗೆನಾವ್, ಗೆನಾವ್", ಅಂದರೆ ಸರಿ ಸರಿ, ಎಂದು ತಲೆ ಆಡಿಸುವುದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಂದು ಸಲ ನಾನು ಫೋನಿನಲ್ಲಿ ಹಾಗೆಂದದ್ದಕ್ಕೆ ಒಬ್ಬನಿಗೆ ರಜೆಯೇ ಮಂಜೂರಾಗಿಬಿಟ್ಟಿತು.

ಅಲ್ಲಿ ನನ್ನ ಅಣಕಕ್ಕೆ ನಗದೆ ಇದ್ದವರು ಒಬ್ಬರೇ. ಚೀನಾದಿಂದ ಬಂದವರು, ನನಗಿಂತ ಸಾಕಷ್ಟು ದೊಡ್ಡವರು. ಯಾರೂ ಯಾರನ್ನೂ ಮೇಡಂ ಎನ್ನದ ಆ ಆಫೀಸಿನಲ್ಲಿ ಅವರನ್ನು ಮಾತ್ರ ನಾನು ಮೇಡಂ ಎನ್ನುತ್ತಿದ್ದೆ. ಅವರ ಕೆಲಸ ಶಬ್ದ ಕೇಳುವುದು. ಗೋಡೆಗೆಲ್ಲ ಸ್ಪಂಜು ಹೊಡೆದ ಕೋಣೆಯೊಳಗೆ ಕುಳಿತು ಮೋಟಾರು ತಿರುಗುವುದನ್ನು ಕೇಳಿ, ಎಲ್ಲಿ ಕಿರುಗುಡುತ್ತದೆ, ಯಾಕೆ ಕಿರುಗುಡುತ್ತದೆ ಎಂದು ಬರೆಯುವುದು. ಅವರು ಮಾತಿನ ನಡುವೆ ಉದ್ದಕ್ಕೆ ನಿಲ್ಲಿಸಿ, ಸೂರು ನೋಡಿ, ಮತ್ತೆ ಮುಂದುವರಿಯುವವರು. ನಾನು ಕ್ಯಾಂಟೀನಿನಲ್ಲಿ ಅದನ್ನೂ ಮಾಡಿ ತೋರಿಸಿದೆ. ಹಿಂದೆ ತಟ್ಟೆ ಹಿಡಿದು ನಿಂತಿದ್ದವರು ಅವರೇ.

"ನಿಲ್ಲಿಸಿದ್ದು ಸಾಲಲಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಇದಕ್ಕಿಂತ ಮೂರು ಪಟ್ಟು ಉದ್ದ ನಿಲ್ಲಿಸ್ತೀನಿ ನಾನು. ನಿನಗೆ ತಾಳ್ಮೆ ಇಲ್ಲ."

ನಾವು ಗೆಳೆಯರಾದದ್ದು ಹೀಗೆ. ಅವರು ಮನೆಯಲ್ಲಿ 'ಚಿನ್' ನುಡಿಸುತ್ತಾರೆಂದು ಆಮೇಲೆ ಗೊತ್ತಾಯಿತು. ಮೇಜಿನ ಮೇಲೆ ಮಲಗಿಸಿ ನುಡಿಸುವ, ಏಳು ತಂತಿಯ, ಉದ್ದನೆಯ ಮರದ ವಾದ್ಯ. ಆ ದೇಶದಲ್ಲಿ ಅದು ಎರಡು ಸಾವಿರ ವರ್ಷಕ್ಕೂ ಹಳೆಯದು. ಓದುಬರಹ ಬಲ್ಲವರು ಸಭೆಗಲ್ಲ, ತಮಗಾಗಿ ನುಡಿಸಿಕೊಳ್ಳುತ್ತಿದ್ದರಂತೆ. ಅದರ ದನಿ ಎಷ್ಟು ಸಣ್ಣದೆಂದರೆ, ಭಾನುವಾರ ಖಾಲಿ ಬಾಟಲಿ ಡಬ್ಬಿಗೆ ಎಸೆದ ಸದ್ದಿಗೂ ದೂರು ಕೊಡುವ ಅವರ ಕೆಳಮನೆಯ ಅಜ್ಜಿಗೆ ಮೇಲೆ ಒಂದು ವಾದ್ಯ ಇದೆ ಎಂಬುದೇ ತಿಳಿದಿರಲಿಲ್ಲ.

"ಅದೇ ನನ್ನ ಕಷ್ಟ," ಎಂದರು ಮೇಡಂ. "ಯಾರಿಗೂ ಕೇಳಿಸಿಲ್ಲ."

ಊರಿನ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ಹೊಲಿಗೆಯಿಂದ ಹಿಡಿದು ಇಟಾಲಿಯನ್ ಅಡುಗೆಯವರೆಗೆ ದೊಡ್ಡವರಿಗೆ ಸಂಜೆ ಪಾಠ ಹೇಳುವ ಶಾಲೆಯಲ್ಲಿ, ಅವರು ಚೀನಾದ ಹಳೆಯ ಸಂಗೀತದ ಬಗ್ಗೆ ಒಂದು ತರಗತಿ ಕೇಳಿಕೊಂಡಿದ್ದರು. ಹಿಂದಿನ ಸಲ ಜನ ಸೇರದೆ ಅದು ರದ್ದಾಗಿತ್ತು. ಈ ಸಲವೂ ಸೇರದಿದ್ದರೆ ಮುಂದೆ ಕೇಳಬೇಡಿ ಎಂದು ಶಾಲೆಯವರು ನಯವಾಗಿಯೇ ಹೇಳಿಬಿಟ್ಟಿದ್ದರು.

"ಇಡೀ ದಿನ ಕೆಟ್ಟುಹೋದದ್ದನ್ನೇ ಕೇಳ್ತೀನಿ," ಎಂದರು ನನಗೆ. "ಸರಿಯಾಗಿರೋದನ್ನು ನಾಲ್ಕು ಜನರ ಜೊತೆ ಕೂತು ಕೇಳೋಕೆ ಒಂದು ಕೋಣೆ ಬೇಕು. ನಿಮ್ಮ ಜನ ಬರ್ತಾರಾ?"

ನಮ್ಮ ಜನ ಎಲ್ಲಿಗೆ ಬೇಕಾದರೂ ಬರುತ್ತಾರೆ, ಊಟ ಇದ್ದರೆ. ಹಾಗಾಗಿ ಅವರನ್ನೇ ನಾನು ನಮ್ಮ ಯುಗಾದಿಗೆ ಕರೆದುಕೊಂಡು ಹೋದೆ.

ಬಾಡಿಗೆಯ ಹಾಲ್, ಹಿಂದುಗಡೆ ಬಿಸಿಬೇಳೆಬಾತಿನ ಪಾತ್ರೆ, ಮುಂದುಗಡೆ ನಾನು ನಿರೂಪಕ. ಕನ್ನಡ ಕೂಟದ ಅಧ್ಯಕ್ಷರು ಮಂಗಳೂರು ಕಡೆಯವರು, ಕಾರು ಕಂಪನಿಯಲ್ಲಿ ದೊಡ್ಡ ಎಂಜಿನಿಯರು, ಬಹಳ ಒಳ್ಳೆಯವರು. "ಈಗ ವಿಷಯ ಎಂತ ಗೊತ್ತುಂಟಾ" ಎಂದು ಶುರುಮಾಡಿದರೆ ವಿಷಯ ಬರುವಷ್ಟರಲ್ಲಿ ಪಾಯಸ ಆರುತ್ತಿತ್ತು. ಅವರ ದನಿಯಲ್ಲೇ ಅವರನ್ನು ವೇದಿಕೆಗೆ ಕರೆದು ಒಂದು ಚಪ್ಪಾಳೆ ಗಿಟ್ಟಿಸಿದ್ದೆ. ಆ ಚಪ್ಪಾಳೆಯ ಬಿಸಿ ಆರುವ ಮೊದಲೇ ಮೇಡಂ ತಮ್ಮ ತರಗತಿಯ ಬಗ್ಗೆ ಮಾತಿಗೆ ನಿಂತರು. ಊರಿಂದ ಬಂದ ಅಪ್ಪ-ಅಮ್ಮಂದಿರು ಬಹಳ ಜನ ಇದ್ದುದರಿಂದ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದೆಂದಾಗಿತ್ತು. ಅವರ ದನಿಯೂ ಅವರ ವಾದ್ಯದಷ್ಟೇ; ಮೈಕು ನನ್ನ ಕೈಯಲ್ಲಿತ್ತು.

ಅವರು ಹೇಳಿದ್ದು ಒಂದು ಹಳೆಯ ಕತೆ. ಪುರಾತನ ಕಾಲದ ಅರಸನೊಬ್ಬ ತನ್ನ ಮಂತ್ರಿಯನ್ನು ಕರೆದು, ಸಂಗೀತಕ್ಕೆ ಸ್ವರಗಳನ್ನು ಗೊತ್ತುಮಾಡಿಕೊಂಡು ಬಾ ಎಂದ. ಮಂತ್ರಿ ಪಡುವಣದ ಬೆಟ್ಟಗಳಿಗೆ ಹೋದ. ಗಂಟುಗಳ ನಡುವೆ ಒಂದೇ ದಪ್ಪವಿರುವ ಬಿದಿರು ಹುಡುಕಿ, ಕಡಿದು, ಊದಿ ನೋಡಿದ. ಅಲ್ಲೊಂದು ದೈವಿಕ ಹಕ್ಕಿಗಳ ಜೋಡಿ ಹಾಡುತ್ತಿತ್ತು. ಗಂಡಿನಿಂದ ಆರು ಸ್ವರ, ಹೆಣ್ಣಿನಿಂದ ಆರು ಸ್ವರ ಕೇಳಿ ಹನ್ನೆರಡು ಕೊಳವೆ ಮಾಡಿಕೊಂಡು ವಾಪಸ್ ಬಂದ.

ಇದರಲ್ಲಿ "ಮೌಂಟನ್ಸ್ ಇನ್ ದ ವೆಸ್ಟ್" ಎಂದು ಅವರೆಂದದ್ದನ್ನು ನಾನು ಹೇಳಿದ್ದು ಹೀಗೆ: "ಆಗ ಆ ಮಂತ್ರಿ ಸೀದಾ ಪಶ್ಚಿಮ ಘಟ್ಟಕ್ಕೆ ಬಂದ."

ಆಣೆ ಮಾಡಿ ಹೇಳುತ್ತೇನೆ, ಅದು ಬಾಯಿ ಜಾರಿದ್ದು. ಪಶ್ಚಿಮದ ಬೆಟ್ಟ ಎಂದರೆ ಕನ್ನಡದವನ ಬಾಯಿಗೆ ಇನ್ನೇನು ಬರುತ್ತದೆ? ಬಯಲುಸೀಮೆ ತುಮಕೂರಿನವನಾದ ನನಗೇ ಅದು ಬಂತು. ಆದರೆ 'ಹೋದ' ಎಂಬುದು 'ಬಂದ' ಆದದ್ದನ್ನು ಮಾತ್ರ ನಾಲಿಗೆಯ ತಲೆಗೆ ಕಟ್ಟಲಾರೆ. ಅಷ್ಟರಲ್ಲಿ ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ಬಿಸಿಬೇಳೆಬಾತಿನ ಸಾಲಿನಲ್ಲಿದ್ದವರೂ ತಟ್ಟೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಡೆದರು. ಚಪ್ಪಾಳೆ ಬಿದ್ದ ಮೇಲೆ ತಿದ್ದುವ ಮಿಮಿಕ್ರಿಯವನನ್ನು ನೀವು ನೋಡಿದ್ದೀರಾ? ಹಕ್ಕಿ ಬಂದಾಗ ನಾನು ಒಂದು ಸಿಳ್ಳೆಯನ್ನೂ ಸೇರಿಸಿದೆ.

ಅಧ್ಯಕ್ಷರು ಎದ್ದು ನಿಂತೇಬಿಟ್ಟರು. "ಈಗ ವಿಷಯ ಎಂತ ಗೊತ್ತುಂಟಾ? ಚೀನಾದವರೇ ಒಪ್ಪಿಕೊಳ್ತಿದ್ದಾರೆ ಮಾರಾಯ್ರೆ, ನಮ್ಮ ಘಟ್ಟದ ಬಿದಿರು ಅಂತ! ಈ ಕ್ಲಾಸಿಗೆ ನಾವೆಲ್ಲ ಸೇರ್ಬೇಕು. ಮೊದಲ ಹೆಸರು ನನ್ನದು."

ಮೇಡಂ ನನ್ನ ಕಿವಿಯಲ್ಲಿ, "ಇಷ್ಟು ಸಂತೋಷ ಯಾಕೆ?" ಎಂದರು.

"ನಮ್ಮವರಿಗೆ ಬಿದಿರೆಂದರೆ ಪ್ರಾಣ," ಎಂದೆ.

ಒಂದು ವಾರದಲ್ಲಿ ಆ ಸುದ್ದಿಗೆ ರೆಕ್ಕೆ, ಪುಕ್ಕ, ಆಗುಂಬೆ ಎಲ್ಲ ಹುಟ್ಟಿದವು. ತುಮಕೂರಿನಿಂದ ನಮ್ಮಮ್ಮನೇ ನನಗೆ ಫಾರ್ವರ್ಡ್ ಮಾಡಿ, "ನೋಡು, ನೀನು ಬರೀ ಕೋತಿಚೇಷ್ಟೆ ಮಾಡ್ತಾ ಕೂತಿದೀಯ, ಅಲ್ಲಿ ಯಾರೋ ಪುಣ್ಯಾತ್ಮ ಎಷ್ಟು ಒಳ್ಳೆ ವಿಷಯ ಹೇಳಿದಾನೆ" ಎಂದು ಬರೆದಿದ್ದಳು. ಆ ಪುಣ್ಯಾತ್ಮ ನಾನೇ ಎನ್ನುವ ಧೈರ್ಯ ನನಗಾಗಲಿಲ್ಲ. ತರಗತಿ ಭರ್ತಿಯಾಯಿತು. ಶಾಲೆಯವರು ಮೇಡಂಗೆ ಫೋನ್ ಮಾಡಿ, ಕೋಣೆ ದೊಡ್ಡದು ಬೇಕಾದೀತೇ ಎಂದು ಕೇಳಿದರಂತೆ. ಅದನ್ನು ನನಗೆ ಹೇಳುವಾಗ ಅವರು ಮಾತಿನ ನಡುವೆ ಒಂದು ಕಡೆಯೂ ನಿಲ್ಲಿಸಲಿಲ್ಲ. ನಿಜ ಹೇಳಿಬಿಡೋಣ ಎಂದುಕೊಂಡೆ, ಹೇಳಿದರೆ ತರಗತಿ ಹೋಯಿತು. ಹೇಳಲಿಲ್ಲ.

ಮೊದಲ ಸಂಜೆ. ಯೋಗದ ತರಗತಿಯವರು ಬಿಟ್ಟುಹೋದ ಚಾಪೆಗಳ ವಾಸನೆಯ ಕೋಣೆ. ನಮ್ಮವರೆಲ್ಲ ಮದುವೆಗೆ ಬಂದಂತೆ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಪಕ್ಕ ನಾನು, ಅವರ ಹಿಂದೆ ಧಾರವಾಡದ ವೈನಿ, ಅಂದರೆ ನಮಗೆಲ್ಲ ಅತ್ತಿಗೆ. ಬೊಬ್ಲಿಂಗೆನ್‌ನಲ್ಲಿ ನಮ್ಮಂಥ ಒಂಟಿ ಹುಡುಗರಿಗೆಲ್ಲ ರೊಟ್ಟಿ-ಪಲ್ಯ ಹಾಕಿ, ಅದಕ್ಕಿಂತ ಹೆಚ್ಚು ಬೈಗುಳ ಬಡಿಸುತ್ತಿದ್ದವರು ಅವರು.

ಮೇಡಂ ಮೊದಲು ಎತ್ತಿ ತೋರಿಸಿದ್ದು ಒಂದು ಪುಟ್ಟ ಕೊಳಲು. ಕೊಕ್ಕರೆ ಜಾತಿಯ ಹಕ್ಕಿಯ ರೆಕ್ಕೆಯ ಮೂಳೆಯಲ್ಲಿ ಮಾಡಿದ, ಸುಮಾರು ಎಂಟು ಸಾವಿರ ವರ್ಷ ಹಿಂದಿನ ಕೊಳಲುಗಳು ನೆಲ ಅಗೆದಾಗ ಸಿಕ್ಕಿವೆ. ಇದು ಅಂಥದೊಂದರ ಪ್ಲಾಸ್ಟಿಕ್ ನಕಲು ಎಂದರು. ಆಮೇಲೆ ಕಂಚಿನ ಗಂಟೆಗಳ ಸಾಲಿನ ಚಿತ್ರ. ಒಂದೊಂದು ಗಂಟೆಗೂ ಎರಡೆರಡು ಸ್ವರ. ನಡುವೆ ಬಡಿದರೆ ಒಂದು, ಪಕ್ಕಕ್ಕೆ ಬಡಿದರೆ ಇನ್ನೊಂದು.

"ನಮ್ಮ ಮನ್ಯಾಗ ಇವ್ರೂ ಹಂಗ ಅದಾರ," ಎಂದರು ವೈನಿ, ಬಾರದೆ ಉಳಿದ ಗಂಡನನ್ನು ನೆನೆದು. "ಎಲ್ಲಿ ಬಡಿಬೇಕಂತ ಗೊತ್ತಿರ್ಬೇಕ್ ಅಷ್ಟ."

ಎಲ್ಲ ಸುಗಮವಾಗಿತ್ತು. ಆಗ ಅಧ್ಯಕ್ಷರು ಕೈ ಎತ್ತಿದರು. ಚೀಲದಿಂದ ಕರ್ನಾಟಕದ ನಕ್ಷೆ ತೆಗೆದು, ಮೇಜಿನ ಮೇಲೆ ಬಿಡಿಸಿ, ಶುದ್ಧ ಜರ್ಮನ್‌ನಲ್ಲಿ ಕೇಳಿದರು: "ಆ ಮಂತ್ರಿ ಘಟ್ಟ ಹತ್ತಿದ್ದು ಯಾವ ಕಡೆಯಿಂದ? ಆಗುಂಬೆಯೋ, ಚಾರ್ಮಾಡಿಯೋ?"

ಮೇಡಂ ನಕ್ಷೆ ನೋಡಿದರು. ಸೂರು ನೋಡಿದರು. ಅವರು ಹೇಳಿದ್ದು ನಿಜ, ನನ್ನ ಅಣಕದಲ್ಲಿ ನಿಲ್ಲಿಸಿದ್ದು ಸಾಲದಾಗಿತ್ತು. ಇಷ್ಟುದ್ದ ಇರುತ್ತದೆ ಎಂದು ಆವತ್ತು ಗೊತ್ತಾಯಿತು.

"ನಾನು ಹೇಳಿದ್ದು ಚೀನಾದ ಪಶ್ಚಿಮ," ಎಂದರು ಕೊನೆಗೆ. "ಟಿಬೆಟ್ ಕಡೆ. ಅದೂ ಕತೆ. ಅಲ್ಲಿಗೂ ಯಾರೂ ಹೋಗಿರಲಿಕ್ಕಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಕತೆಯ ಮಂತ್ರಿಯೂ ನಿನ್ನ ಹಾಗೆ ಮಿಮಿಕ್ರಿಯವನೇ. ಆದರೆ ಹಕ್ಕಿ ಹೇಳಿ ಮುಗಿಸೋತನಕ ಅವನು ಬಾಯಿ ಮುಚ್ಚಿಕೊಂಡು ಕೇಳಿದ."

ಅಧ್ಯಕ್ಷರು ಮೆಲ್ಲಗೆ ನಕ್ಷೆ ಮಡಿಸಿದರು. "ಎಂತ ಮಾರಾಯ ನೀನು? ನಾನು ಊರಿಡೀ ಹೇಳಿದ್ದೇನೆ. ನನ್ನ ಹೆಂಡತಿಯ ಅಣ್ಣ ಪೇಪರಿಗೆ ಬರೀತೇನೆ ಅಂತ ಕೂತಿದ್ದಾನೆ!"

ಅವರು ಎದ್ದು ಜಾಕೆಟಿಗೆ ಒಂದು ತೋಳು ಹಾಕಿದರು. ಹಿಂದಿನ ಸಾಲುಗಳಲ್ಲೂ ಕುರ್ಚಿಗಳು ಕಿರುಗುಟ್ಟಿದವು. ನಾನು ಎದ್ದು ನಿಂತು ಅಡ್ಡ ಬಂದೆ. ಇಷ್ಟೊಂದು ಜನರ ದನಿ ಇಟ್ಟುಕೊಂಡವನಿಗೆ ಆ ಹೊತ್ತಿಗೆ ತನ್ನದೇ ಒಂದು ಸಿಗಲಿಲ್ಲ. ಎರಡನೆಯ ಸಲವೂ ತರಗತಿ ಕೈತಪ್ಪುವುದನ್ನು ಮೇಡಂ ನೋಡುತ್ತಿದ್ದರು, ನನ್ನ ದೆಸೆಯಿಂದ.

ಅವರು ಬೇಡಿಕೊಳ್ಳಲಿಲ್ಲ. "ಹೋಗುವವರು ಹೋಗಬಹುದು. ಇದೊಂದು ಕೇಳಿ," ಎಂದು, ನನ್ನ ಕಡೆ ಬೆರಳು ತೋರಿಸಿ, "ನೀನು ಕನ್ನಡದಲ್ಲಿ ಹೇಳು. ನಾನು ಹೇಳಿದ್ದಷ್ಟೇ," ಎಂದರು. ಹಳೆಯ ಚೀನಾದಲ್ಲಿ ವಾದ್ಯಗಳನ್ನು ಅವು ಯಾವುದರಿಂದ ಆಗಿವೆಯೋ ಅದರ ಮೇಲೆ ಎಂಟು ಬಗೆಯಾಗಿ ವಿಂಗಡಿಸುತ್ತಿದ್ದರಂತೆ. ಅವರು ಒಂದೊಂದೇ ಹೇಳಿದರು, ನಾನು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಹೇಳಿದೆ: ಲೋಹ. ಕಲ್ಲು. ರೇಷ್ಮೆ.

"ರೇಷ್ಮೀ? ಅದ್ರಾಗೇನ್ ಬಾರಸ್ತಾರ, ಸೀರಿ?" ಎಂದರು ವೈನಿ.

"ತಂತಿ, ವೈನಿ. ಚಿನ್ನಿನ ತಂತಿ ರೇಷ್ಮೆಯದು."

ಬಿದಿರು. ಮಣ್ಣು. ತೊಗಲು. ಮರ. ಕೊನೆಗೆ ಮೇಡಂ ಒಂದು ವಿಚಿತ್ರ ವಸ್ತುವನ್ನು ಎತ್ತಿ ಹಿಡಿದರು. ಬಟ್ಟಲಿನಂಥ ತಳಕ್ಕೆ ಬಿದಿರಿನ ಕೊಳವೆಗಳನ್ನು ಕಟ್ಟಾಗಿ ನೆಟ್ಟಂತಿತ್ತು. "ಇದು ಶೆಂಗ್," ಎಂದರು.

"ಶೇಂಗಾ? ತಿನ್ನೂದೇನ್ರಿ?" ಎಂದರು ವೈನಿ. ಹಿಂದೆ ಯಾರೋ ಕಿಸಕ್ಕೆಂದರು.

"ಬಾಯಿಂದ ಊದೋದು. ಈಗ ತಳ ಲೋಹದ್ದು. ಹಿಂದೆ ಒಣಗಿದ ಸೋರೆಕಾಯಿಯದು. ಎಂಟನೆಯ ಬಗೆ ಅದೇ. ಒಣಗಿದ, ಒಳಗೆ ಟೊಳ್ಳಾದ ಸೋರೆಗೆ ನಿಮ್ಮಲ್ಲಿ ಏನಂತಾರೆ?"

ಆ ಪದ ನನಗೆ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮೇಡಂಗೆ ಮಾತ್ರ ಗೊತ್ತಿರಲಿಲ್ಲ. ಹೇಳಿದ್ದಷ್ಟೇ ಹೇಳಬೇಕೆಂದು ಅಪ್ಪಣೆಯಾಗಿತ್ತಲ್ಲ.

"ಬುರುಡೆ," ಎಂದೆ.

ಸುಳ್ಳು ಹೊಡೆಯುವವನಿಗೆ ಬುರುಡೆ ಬಿಡುತ್ತಾನೆ ಎನ್ನುವ ಜನ ಕೂತಿದ್ದ ಕೋಣೆ ಅದು. ಆಮೇಲೆ ಎದ್ದ ನಗುವನ್ನು ನಾನು ಯಾವ ವೇದಿಕೆಯಲ್ಲೂ ಗಿಟ್ಟಿಸಿದ್ದಿಲ್ಲ. ಮೇಡಂ ಪಾಪ, ಆ ಪದವನ್ನು ಕಲಿಯುತ್ತಾ "ಬುರುದೆ, ಬುರುದೆ" ಎಂದು ನನ್ನನ್ನೇ ನೋಡಿ ಹೇಳುತ್ತಿದ್ದರು. ನಗದೆ ಇದ್ದವರು ಅಧ್ಯಕ್ಷರೊಬ್ಬರೇ. ಜಾಕೆಟಿನ ಒಂದು ತೋಳು ಇನ್ನೂ ನೇತಾಡುತ್ತಿತ್ತು.

"ನಗಾಡಿ, ನಗಾಡಿ," ಎಂದರು. "ಎಂಟರಲ್ಲಿ ಒಂದಾದರೂ ನಮ್ಮದು ಉಂಟಾ? ಮತ್ತೆ ನಾವು ಇಲ್ಲಿ ಕೂತು ಎಂತ ಮಾಡುವುದು?"

ಅವರು ಜಾಕೆಟ್ ಕಳಚಿ, ನಕ್ಷೆಯನ್ನು ಅಡಿಗೆ ಹಾಕಿಕೊಂಡು, ಆ ವರ್ಷದ ಕೊನೆಯ ಪಾಠದವರೆಗೂ ಮುಂದಿನ ಸಾಲು ಬಿಡದಂತೆ ಕೂತದ್ದು ವೈನಿ ಆಡಿದ ಈ ಒಂದು ಮಾತಿಗೆ:

"ಯಾಕಿಲ್ರಿ ಅಣ್ಣಾರ? ಏಳು ಸಾಮಾನು ಅವ್ರ್‌ದಿರ್ಲಿ. ಎಂಟನೇದು ಬುರುಡಿ, ಅದನ್ನ ನಾವು ಊರಿಂದ ತಂದೀವಿ, ನಿಮ್ಮ ಬಾಜೂಕ ನಿಂತೈತಿ ನೋಡ್ರಿ!"